ಬೆಂಗಳೂರಿನಲ್ಲಿ ನಗರ ಪಕ್ಷಿವೀಕ್ಷಣೆ

ನಗರ ಪಕ್ಷಿವೀಕ್ಷಣೆ ಎಂದರೆ ಪಕ್ಷಿಧಾಮಕ್ಕೋ ಕಾಡಿಗೋ ಪ್ರತ್ಯೇಕವಾಗಿ ಹೋಗದೆ, ತಾನು ವಾಸಿಸುವ ಊರಿನ ಬೀದಿ, ಉದ್ಯಾನ, ಕೆರೆ ಮತ್ತು ಕಟ್ಟಡಗಳ ನಡುವೆ ಇರುವ ಹಕ್ಕಿಗಳನ್ನು ಗುರುತಿಸಿ ದಾಖಲಿಸುವ ಹವ್ಯಾಸ. ಕಚೇರಿಗೆ, ಶಾಲೆಗೆ ಅಥವಾ ಬಸ್ ನಿಲ್ದಾಣಕ್ಕೆ ದಿನವೂ ನಡೆದುಹೋಗುವ ಹಾದಿಯಲ್ಲೇ ಇದನ್ನು ಮಾಡುವುದು ಈ ಹವ್ಯಾಸದ ಒಂದು ಮುಖ್ಯ ರೂಪ. ಇದಕ್ಕೆ ರಜೆಯಾಗಲಿ ವಾಹನವಾಗಲಿ ಹೆಚ್ಚಿನ ಖರ್ಚಾಗಲಿ ಬೇಕಿಲ್ಲ. ಒಂದೇ ಹಾದಿಯನ್ನು ವರ್ಷವಿಡೀ ಗಮನಿಸುವುದರಿಂದ ಸಿಗುವ ಮಾಹಿತಿ ಅಪರೂಪಕ್ಕೊಮ್ಮೆ ಮಾಡುವ ಪ್ರವಾಸದಿಂದ ದೊರೆಯುವುದಿಲ್ಲ. ಭಾರತದಲ್ಲಿ ಈ ಹವ್ಯಾಸವು ಬಲವಾಗಿ ಬೇರೂರಿರುವ ನಗರಗಳಲ್ಲಿ ಬೆಂಗಳೂರು ಒಂದು.

ಹಿನ್ನೆಲೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಪ್ರಸ್ಥಭೂಮಿಯ ಮೇಲಿದೆ. ನಗರದ ಒಡಲಲ್ಲಿ ವರ್ಷಪೂರ್ತಿ ಹರಿಯುವ ದೊಡ್ಡ ನದಿ ಇಲ್ಲ. ಇಲ್ಲಿನ ಜನ ಮಳೆನೀರನ್ನು ಕೆರೆಗಳಲ್ಲಿ ಹಿಡಿದಿಟ್ಟು, ರಾಜಕಾಲುವೆಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ಹರಿಸುವ ವ್ಯವಸ್ಥೆಯನ್ನು ಶತಮಾನಗಳ ಹಿಂದೆಯೇ ರೂಪಿಸಿಕೊಂಡಿದ್ದರು. ನೀರುಹಕ್ಕಿಗಳು ಇಲ್ಲಿ ನೆಲೆಗೊಳ್ಳಲು ಈ ಕೆರೆಗಳೇ ಆಧಾರವಾದವು. ಹೆಬ್ಬಾಳ, ಮಡಿವಾಳ, ಅಗರ, ಜಕ್ಕೂರು, ಹಲಸೂರು ಕೆರೆಗಳು ಮತ್ತು 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆ ಇಂದಿಗೂ ವೀಕ್ಷಕರ ಮೆಚ್ಚಿನ ತಾಣಗಳಾಗಿವೆ.

ನಗರದ ಮರಗಳಲ್ಲಿ ಬಹುಪಾಲು ಮನುಷ್ಯರೇ ನೆಟ್ಟವು. ಹೈದರ್ ಅಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಹಾಗೂ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ ಇವುಗಳಲ್ಲಿ ಪ್ರಮುಖವಾದವು. 1908ರಿಂದ 1932ರವರೆಗೆ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜರ್ಮನ್ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬೀಗಲ್ ಅವರು, ವರ್ಷದ ಯಾವ ತಿಂಗಳಲ್ಲಿಯೂ ಯಾವುದಾದರೊಂದು ಮರ ಹೂಬಿಟ್ಟಿರುವಂತೆ ಬೀದಿಗಳಲ್ಲಿ ಸಾಲುಮರಗಳನ್ನು ಬೆಳೆಸುವ ಕ್ರಮವನ್ನು ರೂಢಿಗೆ ತಂದರು. ನಗರದ ಅಂದಕ್ಕಾಗಿ ಮಾಡಿದ ಈ ಏರ್ಪಾಡಿನ ಫಲವಾಗಿ ಮಕರಂದ, ಹಣ್ಣು ಮತ್ತು ಕೀಟಗಳನ್ನು ಅವಲಂಬಿಸಿದ ಹಕ್ಕಿಗಳಿಗೆ ವರ್ಷದ ಬಹುಕಾಲ ಆಹಾರ ದೊರೆಯುವಂತಾಯಿತು.

ಇತಿಹಾಸ

ಪಕ್ಷಿತಜ್ಞ ಸಲೀಂ ಅಲಿ (1896–1987) ಅವರು ಮೈಸೂರು ಸಂಸ್ಥಾನದ ಆಶ್ರಯದಲ್ಲಿ 1939–40ರಲ್ಲಿ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅದರ ವಿವರಗಳು ‘ಮೈಸೂರಿನ ಪಕ್ಷಿಗಳು’ ಎಂಬ ಲೇಖನಮಾಲೆಯಾಗಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಆಂಗ್ಲ ಭಾಷೆಯಲ್ಲಿ ಪ್ರಕಟವಾದವು. 1941ರಲ್ಲಿ ಹೊರಬಂದ ಅವರ ಭಾರತೀಯ ಪಕ್ಷಿಗಳ ಕೈಪಿಡಿಯು ಪಕ್ಷಿವೀಕ್ಷಣೆಯನ್ನು ವಿಜ್ಞಾನಿಗಳ ವಲಯದಿಂದ ಸಾಮಾನ್ಯ ಓದುಗರ ಬಳಿಗೆ ತಂದಿತು.

ಜಾಫರ್ ಫತೇಹಳ್ಳಿ ಅವರು 1960ರಲ್ಲಿ ಹವ್ಯಾಸಿ ವೀಕ್ಷಕರಿಗಾಗಿ ವಾರ್ತಾಪತ್ರವೊಂದನ್ನು ಆರಂಭಿಸಿದರು. ದೇಶದ ಬೇರೆ ಬೇರೆ ಊರುಗಳ ಶಿಕ್ಷಕರು, ಗುಮಾಸ್ತರು, ವೈದ್ಯರು ತಮ್ಮ ತಮ್ಮ ಊರಿನ ಹಕ್ಕಿಗಳ ಬಗ್ಗೆ ಅದರಲ್ಲಿ ಬರೆಯುತ್ತಿದ್ದರು. ಮುಂದೆ ಫತೇಹಳ್ಳಿಯವರು ಬೆಂಗಳೂರಿನಲ್ಲಿ ನೆಲೆಸಿದರು. 1972ರಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತಿತರರ ಪ್ರಯತ್ನದಿಂದ ಬೆಂಗಳೂರಿನ ಪಕ್ಷಿವೀಕ್ಷಕರ ಫೀಲ್ಡ್ ಕ್ಲಬ್ ಸ್ಥಾಪನೆಯಾಯಿತು. ತಿಂಗಳಿಗೊಮ್ಮೆ ಲಾಲ್‌ಬಾಗ್‌ನಲ್ಲಿ ಸೇರಿ, ಹೊಸಬರಿಗೆ ಹಕ್ಕಿಗಳನ್ನು ತೋರಿಸಿಕೊಡುವ ಪದ್ಧತಿ ಈ ಕೂಟದಿಂದ ಬೆಳೆಯಿತು. ಬೆಂಗಳೂರಿನ ಪಕ್ಷಿಗಳ ಟಿಪ್ಪಣಿಸಹಿತ ಪಟ್ಟಿಯೊಂದು 1994ರಲ್ಲಿ ಪ್ರಕಟವಾಯಿತು.

ಕನ್ನಡದಲ್ಲಿ ಈ ಆಸಕ್ತಿಯನ್ನು ವಿಸ್ತರಿಸಿದವರಲ್ಲಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಪ್ರಮುಖರು. ‘ಹಕ್ಕಿಪುಕ್ಕ’ ಮೊದಲಾದ ಅವರ ಪುಸ್ತಕಗಳು ಆಂಗ್ಲ ಕೈಪಿಡಿಗಳ ನೆರವಿಲ್ಲದ ಓದುಗರಿಗೂ ಹಕ್ಕಿಗಳ ಹೆಸರು ಮತ್ತು ಸ್ವಭಾವಗಳ ಪರಿಚಯ ಮಾಡಿಕೊಟ್ಟವು.

ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿಗಳು 2002ರಲ್ಲಿ ಆರಂಭಿಸಿದ ‘ಇ-ಬರ್ಡ್’ ಎಂಬ ಅಂತರಜಾಲ ದಾಖಲೆ ವ್ಯವಸ್ಥೆಯು ನಂತರದ ವರ್ಷಗಳಲ್ಲಿ ಭಾರತದಲ್ಲಿಯೂ ವ್ಯಾಪಕವಾಗಿ ಬಳಕೆಗೆ ಬಂದಿತು. ಇದರಿಂದ ಖಾಸಗಿ ಟಿಪ್ಪಣಿ ಪುಸ್ತಕಗಳಲ್ಲಿ ಉಳಿದುಹೋಗುತ್ತಿದ್ದ ಮಾಹಿತಿಯು ಎಲ್ಲರೂ ಬಳಸಬಹುದಾದ ದಾಖಲೆಯಾಯಿತು.

ದಿನದ ಹಾದಿಯ ವೀಕ್ಷಣೆಯ ವಿಧಾನ

ಈ ವಿಧಾನದಲ್ಲಿ ಹಾದಿ, ಸಮಯ ಮತ್ತು ದಾಖಲಿಸುವ ಕ್ರಮ ಇವು ಮೂರನ್ನೂ ಸಾಧ್ಯವಾದಷ್ಟು ಬದಲಿಸದೆ ಉಳಿಸಿಕೊಳ್ಳಲಾಗುತ್ತದೆ.

ಹಾದಿ: ಅರ್ಧದಿಂದ ಎರಡು ಕಿಲೋಮೀಟರ್ ಉದ್ದದ ಹಾದಿ ಸಾಕಾಗುತ್ತದೆ. ಸಾಲುಮರಗಳಿರುವ ಬೀದಿ, ಬಡಾವಣೆಯ ಚಿಕ್ಕ ಉದ್ಯಾನ, ಖಾಲಿ ನಿವೇಶನ, ಕಾಲುವೆಯ ಅಂಚು ಹೀಗೆ ಬಗೆಬಗೆಯ ನೆಲೆಗಳು ಹಾದಿಯಲ್ಲಿ ಸಿಗುವಂತಿದ್ದರೆ ಒಳ್ಳೆಯದು.

ಸಮಯ: ಸೂರ್ಯೋದಯದ ನಂತರದ ಒಂದೆರಡು ಗಂಟೆಗಳಲ್ಲಿ ಹಕ್ಕಿಗಳ ಚಟುವಟಿಕೆ ಹೆಚ್ಚು. ಒಂಬತ್ತು ಗಂಟೆಗೆ ಕೆಲಸಕ್ಕೆ ಹೊರಡುವವರಿಗೆ ಇದಕ್ಕಿಂತ ಕಡಿಮೆ ಹಕ್ಕಿಗಳು ಕಾಣುತ್ತವೆ. ಆದರೂ ಸಮಯ ದಿನವೂ ಒಂದೇ ಆಗಿದ್ದರೆ ಆ ದಾಖಲೆಯನ್ನು ಅದೇ ಹಾದಿಯ ಹಿಂದಿನ ದಾಖಲೆಯೊಂದಿಗೆ ಹೋಲಿಸಲು ಅಡ್ಡಿಯಿಲ್ಲ. ಸಂಜೆ ಹಿಂದಿರುಗುವ ಹೊತ್ತು ಕೂಡ ಉಪಯುಕ್ತ. ಗೊರವಂಕ ಮತ್ತು ಗಿಳಿಗಳು ಗುಂಪುಗುಂಪಾಗಿ ರಾತ್ರಿ ತಂಗುವ ಮರಗಳಿಗೆ ಮರಳುವುದು, ಹಾಲಕ್ಕಿಗಳು ಪೊಟರೆಯಿಂದ ಹೊರಬರುವುದು ಆಗ ಕಾಣಸಿಗುತ್ತದೆ.

ಸಂಪೂರ್ಣ ಪಟ್ಟಿ: ನಡಿಗೆಯಲ್ಲಿ ಕಂಡ ಹಾಗೂ ದನಿ ಕೇಳಿ ಗುರುತಿಸಿದ ಎಲ್ಲ ಪ್ರಭೇದಗಳನ್ನೂ ಬರೆದಿದ್ದರೆ ಅದನ್ನು ಸಂಪೂರ್ಣ ಪಟ್ಟಿ ಎನ್ನುತ್ತಾರೆ. ಕಾಗೆ, ಪಾರಿವಾಳಗಳನ್ನು ‘ದಿನವೂ ಇರುವವೇ’ ಎಂದು ಬಿಟ್ಟು, ಅಪರೂಪದ ಹಕ್ಕಿಯನ್ನು ಮಾತ್ರ ಬರೆದರೆ ಪಟ್ಟಿ ಸಂಪೂರ್ಣವಾಗುವುದಿಲ್ಲ. ಸಂಪೂರ್ಣ ಪಟ್ಟಿಯಲ್ಲಿ ಒಂದು ಹಕ್ಕಿಯ ಹೆಸರು ಇಲ್ಲದಿರುವುದೂ ಮಾಹಿತಿಯೇ; ಆ ದಿನ ಆ ಹಾದಿಯಲ್ಲಿ ಅದು ವೀಕ್ಷಕರಿಗೆ ಕಂಡಿಲ್ಲ, ಕೇಳಿಸಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಅಪೂರ್ಣ ಪಟ್ಟಿಯಿಂದ ಹೀಗೆ ತೀರ್ಮಾನಿಸಲು ಬರುವುದಿಲ್ಲ. ದಿನಾಂಕ, ಆರಂಭದ ವೇಳೆ, ನಡೆದ ಅವಧಿ ಮತ್ತು ದೂರಗಳನ್ನೂ ಪಟ್ಟಿಯೊಂದಿಗೆ ಬರೆಯಬೇಕು.

ಇಂತಹ ಪಟ್ಟಿಗಳಿಂದ ಒಂದು ಹಕ್ಕಿಯ ಸ್ಥಿತಿಯನ್ನು ತಿಳಿಯುವ ಸುಲಭ ಲೆಕ್ಕವಿದು: ಒಂದು ತಿಂಗಳಲ್ಲಿ 20 ಪಟ್ಟಿಗಳಿದ್ದು, ಅವುಗಳಲ್ಲಿ 15ರಲ್ಲಿ ಪಿಕಳಾರ ಕಂಡಿದ್ದರೆ ಅದರ ದಾಖಲಾತಿ ಪ್ರಮಾಣ ಶೇಕಡಾ 75. ಮರುವರ್ಷ ಅದೇ ತಿಂಗಳ 20 ಪಟ್ಟಿಗಳಲ್ಲಿ ಅದು 6ರಲ್ಲಿ ಮಾತ್ರ ಇದ್ದರೆ ಪ್ರಮಾಣ ಶೇಕಡಾ 30ಕ್ಕೆ ಇಳಿದಂತಾಯಿತು. ಒಂದು ಹಾದಿಯ ಇಳಿಕೆಯಿಂದ ಇಡೀ ನಗರದ ಬಗ್ಗೆ ಏನನ್ನೂ ಹೇಳಲಾಗದು. ನೂರಾರು ಹಾದಿಗಳಲ್ಲಿ ಇದೇ ಇಳಿಕೆ ಕಂಡುಬಂದರೆ ಅದು ಗಂಭೀರ ಸೂಚನೆ.

ಸಲಕರಣೆ: ಎಂಟು ಪಟ್ಟು ಹಿಗ್ಗಿಸಿ ತೋರುವ ಸಾಧಾರಣ ದುರ್ಬೀನು, ಜೇಬಿಗೆ ಹಿಡಿಯುವ ಪುಸ್ತಕ ಮತ್ತು ಪೆನ್ಸಿಲ್ ಇದ್ದರೆ ಸಾಕು. ಬೀದಿಮರಗಳ ಹಕ್ಕಿಗಳಲ್ಲಿ ಹೆಚ್ಚಿನವು ಎಲೆಗಳ ಮರೆಯಲ್ಲಿರುವುದರಿಂದ ದನಿಗಳ ಪರಿಚಯ ದುರ್ಬೀನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದನಿಯನ್ನು ಕೇಳಿ ಹಕ್ಕಿಯ ಹೆಸರು ಸೂಚಿಸುವ ‘ಮರ್ಲಿನ್’ನಂತಹ ಮೊಬೈಲ್ ಆ್ಯಪ್‌ಗಳೂ ಇವೆ. ಅವು ಕೊಡುವುದು ಸಲಹೆ ಮಾತ್ರ. ವಾಹನಗಳ ಗದ್ದಲದ ನಡುವೆ ಅವು ತಪ್ಪಬಹುದಾದ್ದರಿಂದ ಹಕ್ಕಿಯನ್ನು ಸ್ವತಃ ನೋಡಿಯೋ ಕೇಳಿಯೋ ಖಚಿತಪಡಿಸಿಕೊಂಡು ಬರೆಯುವುದು ರೂಢಿ.

ಸಾಮಾನ್ಯವಾಗಿ ಕಾಣುವ ಹಕ್ಕಿಗಳು

- ಊರು ಕಾಗೆ ಮತ್ತು ಕಾಡು ಕಾಗೆ: ಊರು ಕಾಗೆಯ ಕುತ್ತಿಗೆ ಬೂದು ಬಣ್ಣದ್ದು. ಕಾಡು ಕಾಗೆ ಪೂರ್ತಿ ಕಪ್ಪಾಗಿದ್ದು ಕೊಕ್ಕು ದಪ್ಪನಾಗಿರುತ್ತದೆ. ಹೆಸರಿನಲ್ಲಿ ಕಾಡು ಇದ್ದರೂ ಇದು ನಗರದಲ್ಲಿಯೂ ಸಾಮಾನ್ಯ.
- ಹದ್ದು ಮತ್ತು ಗರುಡ: ಹದ್ದಿನ ಬಾಲದ ತುದಿಯಲ್ಲಿ ಸೀಳು ಇರುತ್ತದೆ. ಮಾಂಸದ ಅಂಗಡಿ ಮತ್ತು ಕಸದ ರಾಶಿಗಳ ಮೇಲೆ ಇದು ಸುತ್ತುತ್ತಿರುತ್ತದೆ. ಬಿಳಿ ತಲೆ, ಕೆಂಗಂದು ಮೈಯ ಗರುಡ ಕೆರೆಗಳ ಬಳಿ ಹೆಚ್ಚು.
- ಕುಟ್ರು ಹಕ್ಕಿ: ಹಸಿರು ಮೈ, ಕೆನ್ನೆಯಲ್ಲಿ ಬಿಳಿ ಪಟ್ಟೆ. ‘ಕುಟ್ರು, ಕುಟ್ರು’ ಎಂಬ ಕೂಗಿನಿಂದಲೇ ಇದಕ್ಕೆ ಈ ಹೆಸರು. ಆಲ, ಅರಳಿ, ಅತ್ತಿ ಮರಗಳು ಹಣ್ಣಾದಾಗ ತಪ್ಪದೆ ಬರುತ್ತದೆ.
- ಕಂಚುಕುಟಿಗ: ಕುಟ್ರುವಿನ ಕುಲದ್ದೇ ಆದ ಚಿಕ್ಕ ಹಕ್ಕಿ. ಹಣೆ ಮತ್ತು ಎದೆಯ ಮೇಲೆ ಕೆಂಪು ಗುರುತು ಇರುತ್ತದೆ. ಲೋಹ ಬಡಿದಂತೆ ಒಂದೇ ಲಯದಲ್ಲಿ ‘ಟುಕ್ ಟುಕ್’ ಎನ್ನುತ್ತದೆ.
- ಬದನಿಕೆ ಹಕ್ಕಿ: ನಗರದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು. ಬದನಿಕೆ ಎಂಬ ಪರಾವಲಂಬಿ ಗಿಡದ ಹಣ್ಣು ತಿಂದು ಅದರ ಬೀಜವನ್ನು ಮರದಿಂದ ಮರಕ್ಕೆ ಹರಡುತ್ತದೆ. ಬೆಂಗಳೂರಿಗರು ಗಸಗಸೆ ಹಣ್ಣಿನ ಮರವೆಂದು ಕರೆಯುವ ಮರದ ಹಣ್ಣುಗಳೂ ಇದಕ್ಕೆ ಇಷ್ಟ.
- ಟುವ್ವಿಹಕ್ಕಿ: ಎಲೆಗಳನ್ನು ಹೊಲಿದು ಅದರೊಳಗೆ ಗೂಡು ಕಟ್ಟುವ ಪುಟ್ಟ ಹಕ್ಕಿ. ದೇಹಕ್ಕೆ ಹೋಲಿಸಿದರೆ ದನಿ ಬಹಳ ದೊಡ್ಡದು.
- ಸೂರಕ್ಕಿ, ಪಿಕಳಾರ, ಗೊರವಂಕ, ಗಿಳಿ, ಕೆಂಬೂತ, ಮಡಿವಾಳ ಹಕ್ಕಿ, ಚೇಕಡಿ ಹಕ್ಕಿ: ಮರಗಿಡಗಳಿರುವ ಬಡಾವಣೆಗಳಲ್ಲಿ ಇವು ಕಾಣಸಿಗುತ್ತವೆ.
- ಗೋವಕ್ಕಿ, ಕೊಳದ ಬಕ, ನೀರುಕಾಗೆ, ಮಿಂಚುಳ್ಳಿ, ನಾಮದ ಕೋಳಿ: ಕೆರೆ ಮತ್ತು ಕಾಲುವೆಗಳ ಬಳಿ ಕಾಣುತ್ತವೆ. ದೊಡ್ಡ ಕೆರೆಗಳಿಗೆ ಹೆಜ್ಜಾರ್ಲೆಗಳೂ ಬರುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಊರೊಳಗಿನ ಮರಗಳಲ್ಲೇ ಗೂಡುಕಟ್ಟುವುದೂ ಇದೇ ಹಕ್ಕಿ.

ಋತುಮಾನದ ಬದಲಾವಣೆ

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ವಲಸೆ ಹಕ್ಕಿಗಳು ನಗರಕ್ಕೆ ಬರಲಾರಂಭಿಸುತ್ತವೆ. ಹತ್ತು ಗ್ರಾಮ್‌ಗಿಂತ ಕಡಿಮೆ ತೂಗುವ ಹಸಿರು ಎಲೆ ಉಲಿಯಕ್ಕಿಯು ಹಿಮಾಲಯ ಮತ್ತು ಅದರಾಚೆಯ ಪ್ರದೇಶಗಳಲ್ಲಿ ಮರಿಮಾಡಿ, ಚಳಿಗಾಲವನ್ನು ದಕ್ಷಿಣದ ಮರಗಳಲ್ಲಿ ಕಳೆಯುತ್ತದೆ. ಬೆಂಗಳೂರಿನ ಬೀದಿಮರಗಳಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅದರ ಚುಟುಕಾದ ಎರಡಕ್ಷರದ ಕೂಗು ಕೇಳಿಸುತ್ತದೆ. ಬೂದು ಸಿಪಿಲೆ, ಬೂದು ಕಾಜಾಣ, ಹೊನ್ನಕ್ಕಿಗಳೂ ಇದೇ ಅವಧಿಯ ಅತಿಥಿಗಳು. ನವರಂಗವು ದಕ್ಷಿಣಕ್ಕೆ ಹೋಗುವಾಗಲೂ ಹಿಂದಿರುಗುವಾಗಲೂ ನಗರವನ್ನು ಹಾದುಹೋಗುತ್ತದೆ. ರಾತ್ರಿ ಪಯಣಿಸುವ ಈ ಹಕ್ಕಿ ಬೆಳಗ್ಗೆ ದಣಿದು ಮನೆಯಂಗಳದಲ್ಲಿ ಸಿಗುವುದುಂಟು.

ಬೂರುಗ ಮತ್ತು ಮುತ್ತುಗದ ಮರಗಳು ಹೂಬಿಡುವ ಕಾಲದಲ್ಲಿ ಮಕರಂದಕ್ಕಾಗಿ ಅನೇಕ ಜಾತಿಯ ಹಕ್ಕಿಗಳು ಒಂದೇ ಮರದಲ್ಲಿ ಸೇರುತ್ತವೆ. ಹೊಸಬರಿಗೆ ಹಕ್ಕಿಗಳ ಪರಿಚಯ ಮಾಡಿಕೊಡಲು ಇದು ತಕ್ಕ ಸಮಯ. ಬೇಸಿಗೆ ಸಮೀಪಿಸುತ್ತಿದ್ದಂತೆ ಕೋಗಿಲೆಯ ಕೂಗು ಜೋರಾಗುತ್ತದೆ. ಕಾಗೆ ಗೂಡುಕಟ್ಟುವ ಕಾಲಕ್ಕೆ ಸರಿಯಾಗಿ ಕೋಗಿಲೆ ಅದರ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಮಳೆಗಾಲದಲ್ಲಿ ನಗರದಂಚಿನ ಹುಲ್ಲುಗಾವಲು ಮತ್ತು ಕೆರೆಯಂಗಳಗಳಲ್ಲಿ ಗೀಜಗಗಳು ಗೂಡು ನೇಯುತ್ತವೆ.

ಪ್ರಭೇದಗಳ ಏರಿಳಿತ

ಗುಬ್ಬಚ್ಚಿಯ ಪ್ರಕರಣ

ಬೆಂಗಳೂರಿನಲ್ಲಿ ಮನೆಗುಬ್ಬಿಯ ಇಳಿಕೆಯ ಬಗ್ಗೆ ಹಿರಿಯ ನಾಗರಿಕರು ಸಾಮಾನ್ಯವಾಗಿ ಮಾತನಾಡುತ್ತಾರೆ. ಹೆಂಚಿನ ಮನೆಯ ಜಂತೆ, ಗೋಡೆಯ ಪಟದ ಹಿಂಬದಿ, ಅಂಗಡಿಯ ಫಲಕದ ಸಂದಿಗಳಲ್ಲಿ ಗೂಡುಕಟ್ಟುತ್ತಿದ್ದ ಈ ಹಕ್ಕಿ ನಗರದ ಅನೇಕ ಬಡಾವಣೆಗಳಿಂದ ಮರೆಯಾಗಿದೆ. ಹಳೆಯ ಮಾರುಕಟ್ಟೆ ಪ್ರದೇಶಗಳಲ್ಲಿ ಮತ್ತು ನಗರದಂಚಿನ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ.

ಆದರೆ ಈ ಇಳಿಕೆ ಎಷ್ಟು, ಎಂದು ಆರಂಭವಾಯಿತು, ಯಾವ ಬಡಾವಣೆಯಲ್ಲಿ ಮೊದಲು ಕಂಡಿತು ಎಂಬುದನ್ನು ಅಳೆಯುವುದು ಸುಲಭವಲ್ಲ. ಗುಬ್ಬಚ್ಚಿಗಳು ಹೇರಳವಾಗಿದ್ದ ಕಾಲದಲ್ಲಿ ಅವುಗಳನ್ನು ಎಣಿಸಬೇಕೆಂದು ಹೆಚ್ಚಿನವರಿಗೆ ತೋಚಲಿಲ್ಲ. ಅಂದಿನ ವೀಕ್ಷಕರ ಟಿಪ್ಪಣಿಗಳಲ್ಲಿ ಅಪರೂಪದ ಹಕ್ಕಿಗಳಿಗೆ ದೊರೆತ ಜಾಗ ಮನೆಯಂಗಳದ ಹಕ್ಕಿಗೆ ದೊರೆಯಲಿಲ್ಲ. ಹೀಗಾಗಿ ಇಂದಿನ ಸಂಖ್ಯೆಯನ್ನು ಹೋಲಿಸಿ ನೋಡಲು ಹಿಂದಿನ ಕ್ರಮಬದ್ಧ ಲೆಕ್ಕ ಸಾಕಷ್ಟಿಲ್ಲ. ನೆನಪೇ ಮುಖ್ಯ ಆಧಾರವಾಗಿ ಉಳಿದಿದೆ. ದಿನದ ಹಾದಿಯಲ್ಲಿ ಸಾಮಾನ್ಯ ಹಕ್ಕಿಗಳನ್ನೂ ತಪ್ಪದೆ ಬರೆಯಬೇಕೆಂಬ ನಿಯಮಕ್ಕೆ ಗುಬ್ಬಚ್ಚಿಯ ಪ್ರಕರಣವನ್ನು ಪ್ರಬಲ ಸಮರ್ಥನೆಯಾಗಿ ಉದಾಹರಿಸಬಹುದು.

ದೇಶದ ಹವ್ಯಾಸಿಗಳ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿಯು, ಒಟ್ಟಾರೆ ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಸ್ಥಿರವಾಗಿದೆಯೆಂದೂ ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಅದು ಕ್ರಮೇಣ ಇಳಿದಿದೆಯೆಂದೂ ತಿಳಿಸಿತು. ಮೊಬೈಲ್ ಗೋಪುರಗಳ ವಿಕಿರಣವೇ ಇದಕ್ಕೆ ಕಾರಣವೆಂಬ ಜನಪ್ರಿಯ ನಂಬಿಕೆಗೆ ಪುರಾವೆಯಿಲ್ಲವೆಂದೂ ಹೇಳಿತು. ಗೂಡಿಗೆ ತಕ್ಕ ಸಂದುಗಳಿಲ್ಲದ ಹೊಸ ಕಟ್ಟಡಗಳು ಮತ್ತು ಕೀಟಗಳ ಕೊರತೆ ಸಂಭಾವ್ಯ ಕಾರಣಗಳೆನಿಸಿವೆ. ಬೆಳೆದ ಗುಬ್ಬಿ ಕಾಳು ತಿಂದು ಬದುಕಬಲ್ಲದು. ಮರಿಗಳಿಗೆ ಮಾತ್ರ ಕೀಟಗಳೇ ಬೇಕು. ಪೊದೆ, ಬೇಲಿಗಿಡ ಮತ್ತು ಕಳೆಹುಲ್ಲು ಇಲ್ಲದ ಬಡಾವಣೆಯಲ್ಲಿ ಗೂಡಿನ ಪೆಟ್ಟಿಗೆ ತೂಗುಹಾಕಿ ಕಾಳು ಚೆಲ್ಲಿದರಷ್ಟೇ ಪ್ರಯೋಜನ ಸೀಮಿತ. ಮಾರ್ಚ್ 20ನ್ನು 2010ರಿಂದ ವಿಶ್ವ ಗುಬ್ಬಚ್ಚಿ ದಿನವಾಗಿ ಆಚರಿಸಲಾಗುತ್ತಿದೆ.

ಇತರ ಹಕ್ಕಿಗಳು

ಬಹುಮಹಡಿ ಕಟ್ಟಡಗಳ ಅಂಚುಗಳು ಬಂಡೆಯ ಚಾಚುಗಳಂತೆ ಇರುವುದರಿಂದ ಪಾರಿವಾಳಗಳಿಗೆ ಅನುಕೂಲವಾಗಿವೆ. ಜನರು ಕಾಳು ಹಾಕುವುದೂ ಅವುಗಳ ಹೆಚ್ಚಳಕ್ಕೆ ನೆರವಾಗಿದೆ. ಪಾರಿವಾಳಗಳ ಹಿಕ್ಕೆ ಮತ್ತು ಗರಿಯ ದೂಳನ್ನು ಬಹುಕಾಲ ಉಸಿರಾಡಿದರೆ ಕೆಲವರಿಗೆ ಶ್ವಾಸಕೋಶದ ತೊಂದರೆ ಉಂಟಾಗಬಹುದು.

942 ಪ್ರಭೇದಗಳನ್ನು ಪರಿಶೀಲಿಸಿದ 2023ರ ವರದಿಯು ಅವುಗಳಲ್ಲಿ 178 ಪ್ರಭೇದಗಳಿಗೆ ಸಂರಕ್ಷಣೆಯಲ್ಲಿ ಹೆಚ್ಚಿನ ಆದ್ಯತೆ ಬೇಕೆಂದು ಗುರುತಿಸಿತು. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠದ ಸಂಖ್ಯೆ ಇಳಿಮುಖವಾಗಿದೆಯೆಂಬುದು ಆ ವರದಿಯ ಗಮನಾರ್ಹ ಅಂಶ. ಪಾರಿವಾಳ, ಕೋಗಿಲೆ, ನವಿಲುಗಳು ಹೆಚ್ಚುತ್ತಿರುವುದನ್ನೂ ಅದು ದಾಖಲಿಸಿದೆ. ಸುಮಾರು ಮೂವತ್ತು ಸಾವಿರ ವೀಕ್ಷಕರು ನೀಡಿದ ಮಾಹಿತಿ ಈ ವರದಿಗೆ ಆಧಾರ. ಅವರಲ್ಲಿ ಬಹುಪಾಲು ಜನ ವೃತ್ತಿಯಿಂದ ಪಕ್ಷಿವಿಜ್ಞಾನಿಗಳಲ್ಲ.

ಕೆರೆಗಳ ನಾಶವೂ ನೀರುಹಕ್ಕಿಗಳನ್ನು ಬಾಧಿಸಿದೆ. ಇಂದಿನ ಕೆಂಪೇಗೌಡ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿಯೂ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿಯೂ ಇವೆ. ಉಳಿದ ಕೆರೆಗಳಲ್ಲಿ ಕೊಳಚೆನೀರಿನ ಸಮಸ್ಯೆ ಇದೆ. ಪುನರುಜ್ಜೀವನದ ಹೆಸರಿನಲ್ಲಿ ದಡವನ್ನು ಕಲ್ಲುಕಟ್ಟಿ ಕಡಿದಾಗಿಸಿದಾಗ, ಕಡಿಮೆ ಆಳದ ನೀರು ಮತ್ತು ಜೊಂಡಿನಲ್ಲಿ ಮೇಯುವ ಹಕ್ಕಿಗಳಿಗೆ ನೆಲೆ ತಪ್ಪುತ್ತದೆ. ನೀರು ತುಂಬಿದ ಕೆರೆಯೆಲ್ಲವೂ ಹಕ್ಕಿಗಳಿಗೆ ಯೋಗ್ಯವಾದ ಕೆರೆಯಲ್ಲ ಎಂಬುದು ಅದರ ದಡದಲ್ಲಿ ದಿನವೂ ನಡೆಯುವವರಿಗೆ ಬೇಗ ತಿಳಿಯುತ್ತದೆ.

ಉಪಯೋಗಗಳು

ಬೀದಿಯ ಹಕ್ಕಿಗಳ ದಾಖಲೆಯು ಮರಗಳ ರಕ್ಷಣೆಗೂ ನೆರವಾಗಬಹುದು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಅಗತ್ಯ. ರಸ್ತೆ ವಿಸ್ತರಣೆಯಂತಹ ಸಂದರ್ಭದಲ್ಲಿ ಆಕ್ಷೇಪಣೆ ಸಲ್ಲಿಸುವ ನಾಗರಿಕರು, ಆ ಮರಗಳಲ್ಲಿ ಯಾವ ಹಕ್ಕಿಗಳು ಯಾವ ತಿಂಗಳಲ್ಲಿ ಗೂಡುಕಟ್ಟುತ್ತವೆ, ತಂಗುತ್ತವೆ ಎಂಬುದನ್ನು ದಿನಾಂಕಸಹಿತ ತೋರಿಸಿದರೆ ಅವರ ವಾದಕ್ಕೆ ತೂಕ ಬರುತ್ತದೆ. ಮರ ಉರುಳಿದ ನಂತರ ಆರಂಭಿಸಿದ ದಾಖಲೆಯಿಂದ ಈ ಪ್ರಯೋಜನ ದೊರೆಯುವುದಿಲ್ಲ.

ಶಾಲಾಮಕ್ಕಳಿಗೆ ಈ ಹವ್ಯಾಸವು ಪರಿಸರ ಪಾಠದ ಪ್ರಾಯೋಗಿಕ ರೂಪವಾಗಬಲ್ಲದು. ಮನೆಯಿಂದ ಶಾಲೆಯವರೆಗೆ ಕಂಡ ಹಕ್ಕಿಗಳನ್ನು ಮಕ್ಕಳು ಬರೆದು ತಂದರೆ ಶೇಕಡಾವಾರು ಲೆಕ್ಕ, ಸ್ತಂಭನಕ್ಷೆ, ಕನ್ನಡ ಹೆಸರುಗಳ ಸಂಗ್ರಹ ಎಲ್ಲಕ್ಕೂ ಸಾಮಗ್ರಿ ಸಿಗುತ್ತದೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ‘ಹಿತ್ತಿಲ ಹಕ್ಕಿಗಳ ಎಣಿಕೆ’ಯಲ್ಲಿ ಭಾರತದ ವೀಕ್ಷಕರು 2013ರಿಂದ ಪಾಲ್ಗೊಳ್ಳುತ್ತಿದ್ದಾರೆ. ಹದಿನೈದು ನಿಮಿಷದ ವೀಕ್ಷಣೆಯ ಒಂದು ಪಟ್ಟಿಯಿಂದಲೂ ಇದರಲ್ಲಿ ಭಾಗವಹಿಸಬಹುದು.

ಮಿತಿಗಳು

ಹವ್ಯಾಸಿಗಳ ದಾಖಲೆಗಳು ನಗರದ ಎಲ್ಲ ಭಾಗಗಳಿಂದ ಸಮನಾಗಿ ಬರುವುದಿಲ್ಲ. ಮರಗಳಿರುವ ಬಡಾವಣೆ, ಹೆಸರಾಂತ ಕೆರೆ ಮತ್ತು ದೊಡ್ಡ ಉದ್ಯಾನಗಳಿಂದ ಹೆಚ್ಚು ಪಟ್ಟಿಗಳು ಬಂದರೆ, ಕೈಗಾರಿಕಾ ಪ್ರದೇಶ ಮತ್ತು ಇಕ್ಕಟ್ಟಾದ ವಸತಿಗಳಿಂದ ಕಡಿಮೆ ಬರುತ್ತವೆ. ಕೆಲಸದ ಹಾದಿಯ ಪಟ್ಟಿಗಳು ಈ ಕೊರತೆಯನ್ನು ಭಾಗಶಃ ತುಂಬುತ್ತವೆ. ಏಕೆಂದರೆ ಅಲ್ಲಿ ಹಾದಿಯನ್ನು ಆಯ್ಕೆ ಮಾಡುವುದು ಹಕ್ಕಿಗಳ ಆಕರ್ಷಣೆಯಲ್ಲ, ಜೀವನೋಪಾಯ. ಒಂದನ್ನೊಂದು ಹೋಲುವ ಉಲಿಯಕ್ಕಿಗಳನ್ನು ಗುರುತಿಸುವಲ್ಲಿ ತಪ್ಪುಗಳಾಗಬಹುದು. ಅನುಮಾನವಿದ್ದಾಗ ‘ಉಲಿಯಕ್ಕಿ, ಪ್ರಭೇದ ತಿಳಿಯದು’ ಎಂದು ಬರೆಯುವುದೇ ಸರಿಯಾದ ಕ್ರಮ.

ಶಿಷ್ಟಾಚಾರ ಮತ್ತು ಸುರಕ್ಷತೆ

- ಗೂಡಿನ ಹತ್ತಿರ ಹೋಗಬಾರದು, ಚಿತ್ರಕ್ಕಾಗಿ ಕೊಂಬೆಗಳನ್ನು ಸರಿಸಬಾರದು. ಮರೆ ತಪ್ಪಿದ ಗೂಡನ್ನು ಕಾಗೆ, ಹದ್ದುಗಳು ಸುಲಭವಾಗಿ ಪತ್ತೆಹಚ್ಚುತ್ತವೆ.
- ಮೊಬೈಲ್‌ನಲ್ಲಿ ದನಿ ನುಡಿಸಿ ಹಕ್ಕಿಯನ್ನು ಕರೆಯಬಾರದು. ಮರಿಮಾಡುವ ಕಾಲದಲ್ಲಿ ಇದು ಹಕ್ಕಿಯ ಶಕ್ತಿಯನ್ನೂ ಸಮಯವನ್ನೂ ವ್ಯರ್ಥಗೊಳಿಸುತ್ತದೆ.
- ಗೂಬೆಗಳು ತಂಗುವ ಜಾಗವನ್ನು ಬಹಿರಂಗಪಡಿಸಬಾರದು. ಮೂಢನಂಬಿಕೆಯ ಕಾರಣಕ್ಕೆ ಅವುಗಳನ್ನು ಹಿಡಿಯುವವರಿದ್ದಾರೆ.
- ಗಿಳಿಯೂ ಸೇರಿದಂತೆ ದೇಶದ ಕಾಡುಹಕ್ಕಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.
- ಮಾಂಜಾ ದಾರಕ್ಕೆ ಸಿಲುಕಿದ ಹಕ್ಕಿಯನ್ನು ಎಳೆದು ಬಿಡಿಸುವ ಬದಲು, ಪ್ರಾಣಿ ರಕ್ಷಣಾ ಕಾರ್ಯಕರ್ತರಿಗೆ ತಿಳಿಸಬೇಕು.
- ದುರ್ಬೀನನ್ನು ಮನೆಗಳ ಕಿಟಕಿಯ ಕಡೆಗೆ ತಿರುಗಿಸಬಾರದು. ರಸ್ತೆ ದಾಟುವಾಗ ಅಥವಾ ನಡೆಯುತ್ತಿರುವಾಗ ಅದನ್ನು ಬಳಸದೆ, ಪಾದಚಾರಿ ಮಾರ್ಗದ ಬದಿಯಲ್ಲಿ ನಿಂತು ನೋಡಬೇಕು.

ಇವನ್ನೂ ನೋಡಿ

- ಸಲೀಂ ಅಲಿ
- ಲಾಲ್‌ಬಾಗ್
- ಕೊಕ್ಕರೆಬೆಳ್ಳೂರು
- ರಂಗನತಿಟ್ಟು ಪಕ್ಷಿಧಾಮ
- ಗುಬ್ಬಚ್ಚಿ
- ನೀಲಕಂಠ